ಕೋಳಿ ಹಿಕ್ಕೆಯಲ್ಲಿ ಸಿಕ್ಕ ಔಷಧಿಯ ಕಥೆ

ಕಕ್ಕಡ ತಿಂಗಳ ಮಳೆ. ಕೊಡಗಿನ ಗೋಣಿಕೊಪ್ಪದ ಹತ್ತಿರ ನೆಂಟರ ಕೋಳಿ ಶೆಡ್‌ನಲ್ಲಿ ನಿಂತಿದ್ದೆ. ನೆಲಕ್ಕೆ ಹರಡಿದ್ದ ಭತ್ತದ ಹೊಟ್ಟು ಒದ್ದೆಯಾಗಿ ಗಟ್ಟಿ ಕಟ್ಟಿತ್ತು. ಬಲ್ಬಿನ ಕೆಳಗೆ ಆರೇಳು ಮರಿಗಳು ರೆಕ್ಕೆ ಇಳಿಬಿಟ್ಟು ಒತ್ತಿಕೊಂಡು ನಿಂತಿದ್ದವು. ಒಂದನ್ನು ಎತ್ತಿ ತಿರುಗಿಸಿದೆ. ಹಿಂಭಾಗದ ಪುಕ್ಕಕ್ಕೆ ಸುಣ್ಣದಂಥ ಹಿಕ್ಕೆ ಅಂಟಿತ್ತು. "ಬಿಳಿ ಭೇದಿ ಇರ್ಬೇಕು. ಎರಡು ದಿನ ನೀರಿಗೆ ಔಷಧಿ ಹಾಕಿದ್ರೆ ಸರಿಹೋಗುತ್ತೆ" ಅಂದರು ಅಕ್ಕ. ಔಷಧಿ ಅಂದರೆ ಕಳೆದ ಸಲ ಉಳಿದಿದ್ದ ಆ್ಯಂಟಿಬಯಾಟಿಕ್. ಪರೀಕ್ಷೆ ಮಾಡಿಸಿರಲಿಲ್ಲ.

ಬಿಳಿ ಭೇದಿ ತರುವುದು ಸಾಲ್ಮೊನೆಲ್ಲಾ ಜಾತಿಯ ಒಂದು ಬ್ಯಾಕ್ಟೀರಿಯಾ. ತಾಯಿಕೋಳಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರುತ್ತದೆ. ಕೋಳಿ ಟೈಫಾಯ್ಡ್ ಅದರ ಹತ್ತಿರದ ನೆಂಟ. ಇವೆರಡೂ ಕೋಳಿಯನ್ನು ಕೊಲ್ಲುತ್ತವೆ, ನಮ್ಮ ತಂಟೆಗೆ ಬರುವುದು ಅಪರೂಪ. ಸಾಲ್ಮೊನೆಲ್ಲಾದ್ದೇ ಎಂಟೆರಿಟಿಡಿಸ್, ಟೈಫಿಮ್ಯೂರಿಯಂ ಎಂಬ ಬಗೆಗಳು ಹಾಗಲ್ಲ. ಕೋಳಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಅದರ ಕರುಳಲ್ಲಿ ಕೂತ ರೋಗಾಣು ಮಾಂಸ, ಮೊಟ್ಟೆಯ ಜೊತೆ ಅಡುಗೆಮನೆಗೆ ಬರುತ್ತದೆ.

ಈ ರೋಗಾಣುವನ್ನೇ ಬೇಟೆಯಾಡುವ ವೈರಸ್‌ಗಳಿವೆ. ಹೆಸರು ಬ್ಯಾಕ್ಟೀರಿಯೊಫೇಜ್, ಚಿಕ್ಕದಾಗಿ ಫೇಜ್. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ ಇದರ ಸುಳಿವು ಹಿಡಿದರು. 1917ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ದೆರೆಲ್ ತಾವೇ ಕಂಡುಕೊಂಡು ಹೆಸರಿಟ್ಟರು. ನನಗೆ ತುಂಬಾ ಹಿಡಿಸಿದ್ದು ಮುಂದಿನ ಸಂಗತಿ. 1919ರಲ್ಲಿ ಫ್ರಾನ್ಸಿನ ಹಳ್ಳಿಗಳಲ್ಲಿ ಕೋಳಿ ಟೈಫಾಯ್ಡ್ ಹಬ್ಬಿದಾಗ ದೆರೆಲ್ ಅಲ್ಲಿಗೇ ಹೋದರು. ಬದುಕುಳಿದ ಕೋಳಿಗಳ ಹಿಕ್ಕೆಯಲ್ಲಿ ಫೇಜ್ ಸಿಕ್ಕಿತು. ಅದನ್ನು ಬೆಳೆಸಿ ಬೇರೆ ಕೋಳಿಗಳಿಗೆ ಕೊಟ್ಟು ನೋಡಿದರು. ಅಂದರೆ ಫೇಜ್ ಚಿಕಿತ್ಸೆ ಶುರುವಾಗಿದ್ದೇ ಕೋಳಿಯಿಂದ, ಅದೂ ಸಾಲ್ಮೊನೆಲ್ಲಾ ವಿರುದ್ಧ! 1920ರ ದಶಕದಲ್ಲಿ ಅವರು ನಮ್ಮ ದೇಶಕ್ಕೂ ಬಂದು ಪಂಜಾಬಿನಲ್ಲಿ ಕಾಲರಾಕ್ಕೆ ಫೇಜ್ ಬಳಸಿದರು.

ಫೇಜ್ ಕೆಲಸ ಮಾಡುವ ರೀತಿ ಹೀಗೆ. ಅದು ಬಾಲದ ತುದಿಯಿಂದ ಬ್ಯಾಕ್ಟೀರಿಯಾದ ಮೈಗೆ ಅಂಟುತ್ತದೆ, ತನ್ನ ಡಿಎನ್‌ಎಯನ್ನು ಒಳಗೆ ಬಿಡುತ್ತದೆ. ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ಫೇಜ್ ಮರಿಗಳನ್ನೇ ತಯಾರಿಸಲು ತೊಡಗುತ್ತದೆ. ಕೊನೆಗೆ ಒಡೆದು ಸಾಯುತ್ತದೆ. ಹೊರಬಂದ ಮರಿಗಳು ಮುಂದಿನದನ್ನು ಹುಡುಕುತ್ತವೆ. ಬ್ಯಾಕ್ಟೀರಿಯಾದ ಮೈಯಲ್ಲಿ ಅಂಟುವ ಜಾಗ ಆ ಫೇಜ್‌ಗೆ ಸರಿಹೊಂದಿದರೆ ಮಾತ್ರ ಇದೆಲ್ಲ ನಡೆಯುವುದು. ಹಾಗಾಗಿ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ತೊಂದರೆ ಇಲ್ಲ.

ಇಷ್ಟು ಚೆನ್ನಾಗಿದ್ದರೆ ಮರೆತಿದ್ದು ಯಾಕೆ? ಆಗಿನ ತಯಾರಿಕೆ ಶುದ್ಧವಾಗಿರಲಿಲ್ಲ, ಒಂದು ಕಡೆ ಫಲಿಸಿದ್ದು ಇನ್ನೊಂದು ಕಡೆ ಫಲಿಸುತ್ತಿರಲಿಲ್ಲ. 1940ರ ದಶಕದಲ್ಲಿ ಪೆನಿಸಿಲಿನ್ ಬಂತು, ಒಂದೇ ಔಷಧಿ ಹತ್ತು ರೋಗಕ್ಕೆ. ಜಾರ್ಜಿಯಾದ ಟಿಬಿಲಿಸಿಯಂಥ ಕಡೆ ಬಿಟ್ಟರೆ ಫೇಜ್ ಮೂಲೆ ಸೇರಿತು. ಆಮೇಲೆ ರೋಗವಿಲ್ಲದ ಕೋಳಿಗೂ ಬೇಗ ತೂಕ ಬರಲಿ ಅಂತ ಆ್ಯಂಟಿಬಯಾಟಿಕ್ ಹಾಕುವುದು ರೂಢಿಯಾಯಿತು. ರೋಗಾಣುಗಳು ಔಷಧಿಗೆ ಬಗ್ಗದಾದವು. ಯುರೋಪ್ 2006ರಲ್ಲಿ ಆ ರೂಢಿ ನಿಲ್ಲಿಸಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಕೋಳಿ, ಜಾನುವಾರುಗಳಿಗೆ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿತು. ಇದು ಇನ್ನೂ ಮುಂಚೆಯೇ ಆಗಬೇಕಿತ್ತು.

ಈ ಹೊತ್ತಿಗೆ ಫೇಜ್ ಮತ್ತೆ ನೆನಪಾಗಿತ್ತು. 2006ರಲ್ಲಿ ಅಮೆರಿಕ ಮಾಂಸದ ಮೇಲೆ ಸಿಂಪಡಿಸುವ, ಲಿಸ್ಟೀರಿಯಾ ಎಂಬ ಇನ್ನೊಂದು ರೋಗಾಣುವನ್ನು ಕೊಲ್ಲುವ ಫೇಜ್‌ಗೆ ಒಪ್ಪಿಗೆ ಕೊಟ್ಟಿತು. ಸಾಲ್ಮೊನೆಲ್ಲಾ ಫೇಜ್‌ಗಳೂ ಬಂದವು. ಮಾಂಸಕ್ಕೆ ಸಿಂಪಡಿಸುವುದು ಸುಲಭ, ಜೀವಂತ ಕೋಳಿಗೆ ಕೊಡುವುದು ಕಷ್ಟ. ಹೊಟ್ಟೆಯ ಆಮ್ಲದಲ್ಲಿ ಫೇಜ್ ಸಾಯುತ್ತದೆ, ಅದಕ್ಕೊಂದು ರಕ್ಷಣೆ ಬೇಕು. ಕೋಳಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕರುಳಿನ ಸಾಲ್ಮೊನೆಲ್ಲಾ ಬಹಳ ಇಳಿದಿದೆ, ಆದರೆ ಪೂರ್ತಿ ಹೋಗಿಲ್ಲ. ಉಳಿದವು ಫೇಜ್‌ಗೂ ಒಗ್ಗಿಕೊಳ್ಳುತ್ತವೆ. ಅದಕ್ಕೇ ನಾಲ್ಕಾರು ಫೇಜ್ ಬೆರೆಸಿ ಕೊಡುತ್ತಾರೆ.

ಕೊಡಗಿಗೂ ಇದು ದೂರದ ಮಾತಲ್ಲ. ಹಿತ್ತಲಲ್ಲಿ ಗಿರಿರಾಜ, ನಾಟಿ ಕೋಳಿ ಸಾಕುವವರು ಜಾಸ್ತಿ. ಕಾಫಿ ತೋಟಕ್ಕೆ, ಶುಂಠಿ ಗದ್ದೆಗೆ ಕೋಳಿ ಗೊಬ್ಬರ ಲಾರಿಯಲ್ಲಿ ಬರುತ್ತದೆ. ಸರಿಯಾಗಿ ಕಳಿಯದ ಗೊಬ್ಬರದ ಜೊತೆ ಔಷಧಿಗೆ ಬಗ್ಗದ ರೋಗಾಣುವೂ ಬರಬಹುದು, ಮಳೆನೀರಿನ ಜೊತೆ ತೋಡಿಗೂ ಇಳಿಯಬಹುದು, ಅಲ್ವಾ? ಸಾಲ್ಮೊನೆಲ್ಲಾ ಇರುವಲ್ಲೇ ಅದರ ಫೇಜ್ ಕೂಡ ಸಿಗುತ್ತದೆ. ನಮ್ಮ ಶೆಡ್‌ಗಳ ಹಿಕ್ಕೆ, ಚರಂಡಿ ನೀರನ್ನು ನಮ್ಮ ಪಶುವೈದ್ಯ ಕಾಲೇಜುಗಳು ಜಾಲಾಡಲಿ ಎಂಬುದು ನನ್ನ ಆಸೆ.

ಅಕ್ಕ ಆ ದಿನ ಬಾಟಲಿಯನ್ನು ವಾಪಸ್ ಇಟ್ಟರು. ಸತ್ತ ಎರಡು ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಕಳಿಸಿದೆವು. ಉಳಿದ ಮರಿಗಳನ್ನು ಬೇರೆ ಮಾಡಿ, ಒದ್ದೆ ಹೊಟ್ಟನ್ನೆಲ್ಲ ಕೆರೆದು ತೆಗೆದು, ನೆಲಕ್ಕೆ ಸುಣ್ಣ ಎರಚುವಷ್ಟರಲ್ಲಿ ಕತ್ತಲಾಗಿತ್ತು.