ಒಗೆದಷ್ಟೂ ಅರಳುವ ಟವೆಲ್

ಹೊಸ ಕೈಮಗ್ಗದ ಟವೆಲ್ ತಂದ ದಿನವೇ ಒದ್ದೆ ಸ್ಟೀಲ್ ತಟ್ಟೆ ಒರೆಸಿ ನೋಡಿ. ನೀರು ಬಟ್ಟೆಗೆ ಹತ್ತುವುದೇ ಇಲ್ಲ, ತಟ್ಟೆಯ ಮೇಲೆ ಅತ್ತಿತ್ತ ಓಡಾಡುತ್ತದೆ. ಅಜ್ಜನ ಹಳೇ ಪಂಚೆ ಹರಿದು ಮಾಡಿಕೊಂಡ ತುಂಡು ಮಾತ್ರ ಒಂದೇ ಸಲಕ್ಕೆ ಒಣಗಿಸಿಬಿಡುತ್ತದೆ. ಎರಡೂ ಹತ್ತಿಯೇ, ಅಲ್ವಾ?

ವ್ಯತ್ಯಾಸ ಇರುವುದು ನಾರಿನ ಹೊರಮೈಯಲ್ಲಿ. ಹತ್ತಿಯ ನಾರು ಬಹುಪಾಲು ಸೆಲ್ಯುಲೋಸ್. ಅದು ನೀರಿನ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಗಿಡದಲ್ಲಿರುವಾಗಲೇ ನಾರಿಗೆ ತೆಳುವಾಗಿ ಮೇಣ ಮೆತ್ತಿಕೊಂಡಿರುತ್ತದೆ. ತೂಕದಲ್ಲಿ ನೂರಕ್ಕೆ ಸುಮಾರು 1 ಪಾಲು, ಆದರೂ ನೀರನ್ನು ತಡೆಯಲು ಅಷ್ಟು ಸಾಕು. ಸಾಲದ್ದಕ್ಕೆ, ನೇಯುವಾಗ ಹಾಸಿನ ಎಳೆ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ, ಕಡಿಯದಿರಲಿ ಅಂತ ಗಂಜಿ ಬೇರೆ ಹಾಕಿರುತ್ತಾರೆ. ಬಿಸಿನೀರು, ಸೋಪಿನಲ್ಲಿ ನಾಲ್ಕೈದು ಸಲ ಒಗೆದ ಮೇಲೆ ಗಂಜಿ ಹೋಗುತ್ತದೆ, ಉಳಿದ ಮೇಣವೂ ಕಡಿಮೆಯಾಗುತ್ತಾ ಬರುತ್ತದೆ. ಪಂಚೆ ಈ ಕೆಲಸವನ್ನು ವರ್ಷಗಟ್ಟಲೆ ಮಾಡಿಸಿಕೊಂಡಿರುತ್ತದೆ. ಅಂದಹಾಗೆ, ಅಡುಗೆಮನೆಯ ಬಟ್ಟೆಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಲೇಬೇಡಿ. ಅದು ನಾರಿಗೆ ಮತ್ತೆ ಜಿಡ್ಡು ಸವರುತ್ತದೆ.

ಮೇಣ ಹೋದಮೇಲೆ ನಡೆಯುವುದು ದೀಪದ ಬತ್ತಿಯ ಕೆಲಸ. ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವ ಹಾಗೆ, ಎಳೆಗಳ ನಡುವಿನ ಸಣ್ಣ ಸಂದುಗಳು ನೀರನ್ನು ಒಳಗೆ ಎಳೆದುಕೊಳ್ಳುತ್ತವೆ. ಹಾಗಾದರೆ ಸಂದು ಜಾಸ್ತಿ ಇರುವ ಬಟ್ಟೆ ನೇಯ್ದರೆ?

ಅದೇ ಜೇನುಗೂಡು ನೇಯ್ಗೆ, ಬಟ್ಟೆಯ ತುಂಬ ಚೌಕ ಚೌಕ ಕುಳಿಗಳು. ನಮ್ಮ ಮನೆಯಲ್ಲಿರುವುದು ಕೇರಳದ ಕಣ್ಣೂರಿನಿಂದ ತಂದದ್ದು, ಬಿಳಿ ಬಟ್ಟೆಗೆ ನೀಲಿ ಅಂಚು. ಕಣ್ಣೂರು ಮನೆಬಳಕೆಯ ಬಟ್ಟೆಗಳಿಗೆ ಹೆಸರಾದ ಊರು, ಅವಕ್ಕೆ ಜಿಐ ಮಾನ್ಯತೆಯೂ (ಒಂದು ಊರಿನ ವಿಶೇಷ ಉತ್ಪನ್ನ ಎನ್ನುವ ಅಧಿಕೃತ ಗುರುತು) ಸಿಕ್ಕಿದೆ. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಅಲ್ಲೂ ನಮ್ಮ ಮಂಗಳೂರಿನಲ್ಲೂ ನೇಯ್ಗೆ ಕಾರ್ಖಾನೆ ನಡೆಸುತ್ತಿದ್ದರು.

ಸಾದಾ ನೇಯ್ಗೆಯಲ್ಲಿ ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆ ಹಾಸಿನ ಒಂದೆಳೆಯ ಮೇಲೆ, ಮುಂದಿನದರ ಕೆಳಗೆ ಹೋಗುತ್ತದೆ. ಕಾಲಲ್ಲಿ ತುಳಿಯುವ ಹಲಗೆ ಎರಡಿದ್ದರೆ ಸಾಕು. ಜೇನುಗೂಡಿಗೆ ಇನ್ನೂ ಹೆಚ್ಚು ಬೇಕು. ಯಾವುದರ ನಂತರ ಯಾವುದು ಅನ್ನುವ ಲೆಕ್ಕ ನೇಕಾರರ ಕಾಲಿಗೇ ಗೊತ್ತಿರುತ್ತದೆ. ಬಟ್ಟೆಯಲ್ಲಿ ಕೆಲವು ಕಡೆ ಎಳೆಗಳು ಬಿಗಿಯಾಗಿ ಹೆಣೆದುಕೊಳ್ಳುತ್ತವೆ. ಇನ್ನು ಕೆಲವು ಕಡೆ ಹಲವು ಎಳೆಗಳನ್ನು ಒಟ್ಟಿಗೆ ದಾಟಿ ಸಡಿಲವಾಗಿ ನಿಲ್ಲುತ್ತವೆ.

ನನಗೆ ತುಂಬಾ ಇಷ್ಟವಾಗುವುದು ಮುಂದಿನ ಹಂತ. ಮಗ್ಗದ ಮೇಲೆ ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟಿರುವಾಗ ಈ ಬಟ್ಟೆ ಹೆಚ್ಚುಕಡಿಮೆ ಚಪ್ಪಟೆ. ಗೂಡು ಎದ್ದು ಕಾಣುವುದೇ ಇಲ್ಲ. ಇಳಿಸಿ ನೀರಿಗೆ ಹಾಕಿದಾಗ ಬಿಗಿ ಸಡಿಲವಾಗಿ ಎಳೆಗಳು ಕುಗ್ಗುತ್ತವೆ. ಉದ್ದ ದಾಟಿದ ಎಳೆಗಳು ದಿಣ್ಣೆಯಾಗಿ ಮೇಲೇಳುತ್ತವೆ, ಬಿಗಿಯಾಗಿ ಹೆಣೆದ ಜಾಗ ಕುಳಿಯಾಗಿ ಕೆಳಗಿಳಿಯುತ್ತದೆ. ನಮ್ಮ ಟವೆಲ್ ಮೊದಲ ಒಗೆತಕ್ಕೇ ನಾಲ್ಕು ಬೆರಳು ಗಿಡ್ಡವಾಯಿತು. ಮೋಸ ಹೋದೆವು ಅಂದುಕೊಂಡಿದ್ದೆ. ಬೆರಳಾಡಿಸಿ ನೋಡಿದರೆ, ಕಳೆದುಹೋದ ಉದ್ದವೆಲ್ಲ ದಪ್ಪವಾಗಿ ನಿಂತಿತ್ತು! ಅಷ್ಟೇ ಜಾಗದಲ್ಲಿ ಈಗ ಹೆಚ್ಚು ನೂಲು. ದಿಣ್ಣೆ ತಟ್ಟೆಯ ನೀರನ್ನು ಮುಟ್ಟಿ ಎಳೆದುಕೊಳ್ಳುತ್ತದೆ, ಕುಳಿಯಲ್ಲೂ ಒಂದಿಷ್ಟು ನೀರು ನಿಲ್ಲುತ್ತದೆ. ನಾವು ಅಂದ ಅಂದುಕೊಳ್ಳುವ ಚೌಕುಳಿಯೇ ಕೆಲಸ ಮಾಡುತ್ತಿರುತ್ತದೆ.

ಇದನ್ನು ಧೈರ್ಯವಾಗಿ ಹಿಂಡಬಹುದು. ರೇಯಾನ್, ಉಣ್ಣೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತವೆ. ಹತ್ತಿಯ ನಾರು ಒದ್ದೆಯಾದಾಗಲೇ ಇನ್ನಷ್ಟು ಗಟ್ಟಿ.