‘ಗೊತ್ತಿಲ್ಲ’ದೊಳಗೆ ಕೂತ ಸಿಟ್ಟು

ನಮ್ಮ ಸರ್ವೆ ಫಾರಂನಲ್ಲಿ ಪ್ರತಿ ಪ್ರಶ್ನೆಯ ಕೊನೆಗೂ ಎರಡು ಕೋಡ್ ಇರುತ್ತವೆ. 98 ಅಂದರೆ ‘ಹೇಳಲ್ಲ’. 99 ಅಂದರೆ ‘ಗೊತ್ತಿಲ್ಲ’. ವೋಟು ಯಾರಿಗೆ ಅಂತ ಕೇಳಿದಾಗ ಪಕ್ಷದ ಹೆಸರು ಬಾರದಿದ್ದರೆ ನಮ್ಮ ಹುಡುಗ ಹುಡುಗಿಯರು ಇವೆರಡರಲ್ಲಿ ಒಂದಕ್ಕೆ ಸುತ್ತು ಹಾಕಿ ಪಕ್ಕದ ಮನೆಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಚುನಾವಣಾ ಸಮೀಕ್ಷೆಯ ಕೆಲಸ ಮಾಡಿಸುತ್ತಿದ್ದೇನೆ. ಫಾರಂ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಈ ಕೋಡ್‌ಗಳ ಪಕ್ಕದ ಖಾಲಿ ಜಾಗಕ್ಕೆ. ಚುರುಕಾದವರು ಅಲ್ಲಿ ಪೆನ್ಸಿಲ್ಲಿನಲ್ಲಿ ಏನಾದರೂ ಗೀಚಿರುತ್ತಾರೆ.

ಲಗ್ಗೆರೆ ಕಡೆಯಿಂದ ಬಂದ ಒಂದು ಫಾರಂ ಇನ್ನೂ ನೆನಪಿದೆ. ಗಾರ್ಮೆಂಟ್ಸ್ ಕೆಲಸದ ಹೆಂಗಸು. ಕೋಡ್ 99. ಪಕ್ಕದಲ್ಲಿ ಹೀಗಿತ್ತು: ‘ಟಿವಿಲಿ ಎಲ್ಲರಿಗೂ ಬೈತಾನಲ್ಲ, ಅವನು ನಿಂತ್ರೆ ಅವನಿಗೆ. ಇಲ್ದಿದ್ರೆ ಯಾರಿಗೋ ಒಬ್ರಿಗೆ.’

ನೂರು ಫಾರಂ ಬಂದರೆ ಹತ್ತು ಮನೆಗೆ ನಾನೇ ಮತ್ತೆ ಹೋಗುತ್ತೇನೆ. ಹುಡುಗರು ಟೀ ಅಂಗಡಿಯಲ್ಲಿ ಕೂತು ಫಾರಂ ತುಂಬಿಸಿಲ್ಲ ತಾನೇ ಅಂತ ನೋಡಬೇಕಲ್ಲ. (ತುಂಬಿಸುತ್ತಾರೆ. ಈ ಕಸುಬಿನಲ್ಲಿ ಅದೇನು ಗುಟ್ಟಲ್ಲ.) ಆ ಮನೆಗೂ ಹೋದೆ. ಮೊದಲು ಎಲ್ಲರೂ ಕೇಳುವುದನ್ನೇ ಆಕೆಯೂ ಕೇಳಿದರು: ‘ನೀವು ಯಾವ ಪಾರ್ಟಿಯವರು?’ ಯಾವ ಪಾರ್ಟಿಯೂ ಅಲ್ಲ ಅಂತ ನಂಬಿಸುವುದಕ್ಕೆ ಹತ್ತು ನಿಮಿಷ ಬೇಕಾಯಿತು. ಆಮೇಲೆ ಕೇಳಿದೆ, ‘ಆ ಟಿವಿಯವರು ಗೆದ್ದರೆ ಏನು ಮಾಡ್ತಾರೆ ಅನ್ಸುತ್ತೆ?’

‘ಅವನೇನ್ ಮಾಡ್ತಾನೆ ಮೇಡಂ. ಏನೂ ಮಾಡಲ್ಲ. ಆದ್ರೆ ಇವರಿಗೆ ಒಂದ್ಸಲ ಬಿಸಿ ಮುಟ್ಟಬೇಕಲ್ಲ.’

ಆಕೆಯ ತಾಯಿಗೆ ಬರುತ್ತಿದ್ದ ಪಿಂಚಣಿ ಎಂಟು ತಿಂಗಳಿಂದ ನಿಂತಿತ್ತು. ಒಂದು ಕಚೇರಿಗೆ ಐದು ಸಲ ಅಲೆದಿದ್ದರು. ಪ್ರತಿ ಸಲವೂ ಅರ್ಧ ದಿನದ ಸಂಬಳ ಖೋತಾ. ಪ್ರತಿ ಸಲವೂ ಒಂದೇ ಉತ್ತರ, ಸರ್ವರ್ ಡೌನ್.

ಇದು ‘ಗೊತ್ತಿಲ್ಲ’ ಅನ್ನುವ ಉತ್ತರವೇ? ಆಕೆಗೆ ಎಲ್ಲ ಗೊತ್ತು. ಟಿವಿಯವನಿಂದ ಪಿಂಚಣಿ ಬರಲ್ಲ ಅನ್ನುವುದೂ ಗೊತ್ತು. ವೋಟನ್ನು ಆಕೆ ಕೆಲಸ ಮಾಡಿಸುವುದಕ್ಕೆ ಬಳಸುತ್ತಿಲ್ಲ. ಕಿವಿ ಹಿಂಡುವುದಕ್ಕೆ ಬಳಸುತ್ತಿದ್ದಾರೆ. ವ್ಯವಸ್ಥೆಯನ್ನೇ ಬುಡಮೇಲು ಮಾಡುತ್ತೇನೆ ಅಂತ ಬರುವ ಅಭ್ಯರ್ಥಿಗಳ ಬಗ್ಗೆ ಯಾರಾದರೂ ಕೇಳಿದರೆ ನಾನು ಈ ಹೆಂಗಸಿನ ಮಾತಿನಿಂದಲೇ ಶುರು ಮಾಡುತ್ತೇನೆ.

ಅಮೆರಿಕದ 2016ರ ಚುನಾವಣೆಯಲ್ಲೂ ಇದೇ ಮಾತು ಅಂಕಿಗಳಲ್ಲಿ ಸಿಗುತ್ತದೆ. ವೋಟು ಹಾಕಿ ಹೊರಬಂದವರನ್ನು ಅಲ್ಲಿನ ಸಮೀಕ್ಷೆಯವರು ಮಾತಾಡಿಸಿದ್ದರು. ಡೊನಾಲ್ಡ್ ಟ್ರಂಪ್ ಅಧ್ಯಕ್ಷರಾಗಲು ಯೋಗ್ಯರು ಅಂದವರು ನೂರಕ್ಕೆ 38 ಮಂದಿ. ಅವರಿಗೆ ಬಿದ್ದ ವೋಟು ಮಾತ್ರ ನೂರಕ್ಕೆ 46. ಅಂದರೆ ಯೋಗ್ಯರಲ್ಲ ಅಂತ ಹೇಳಿಕೊಂಡೇ ಲಕ್ಷಾಂತರ ಜನ ಅವರಿಗೆ ಒತ್ತಿದ್ದಾರೆ. ಅಭ್ಯರ್ಥಿಯಲ್ಲಿ ಮುಖ್ಯವಾಗಿ ಏನು ನೋಡಿದಿರಿ ಅನ್ನುವುದು ಇನ್ನೊಂದು ಪ್ರಶ್ನೆ. ಬದಲಾವಣೆ ತರುವ ಶಕ್ತಿ ಅಂದವರಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಮಂದಿ ಟ್ರಂಪ್ ಕಡೆ ಇದ್ದರು. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ, ಈ ಮೂರು ರಾಜ್ಯಗಳಲ್ಲಿ ಒಟ್ಟು ಸೇರಿಸಿದರೂ ಟ್ರಂಪ್ ಗೆದ್ದ ಅಂತರ ಸುಮಾರು 78 ಸಾವಿರ ವೋಟು. ಅಲ್ಲಿ ಗೆಲುವು ತೀರ್ಮಾನವಾಗುವುದು ರಾಜ್ಯವಾರು ಲೆಕ್ಕದಲ್ಲಿ. ಹಾಗಾಗಿ ದೇಶದ ಒಟ್ಟು ಮತದಲ್ಲಿ ಎದುರಾಳಿ ಹಿಲರಿ ಕ್ಲಿಂಟನ್ ಮುಂದಿದ್ದರೂ ಅಧ್ಯಕ್ಷ ಪದವಿ ಈ ಮೂರು ರಾಜ್ಯಗಳಿಂದ ಕೈತಪ್ಪಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಕ್ಲಿಂಟನ್ ಒಂದು ಮಾತು ಆಡಿದ್ದರು. ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನ ಹೀನಾಯವಾದವರ ಬುಟ್ಟಿಗೆ ಸೇರಿದವರು ಅನ್ನುವ ಅರ್ಥದ ಮಾತು. ಮರುದಿನವೇ ವಿಷಾದ ಹೇಳಿದರು, ಆದರೆ ಮಾತು ಊರೆಲ್ಲ ಸುತ್ತಿ ಆಗಿತ್ತು. ನಮ್ಮಲ್ಲೂ ಇದು ಹೊಸದಲ್ಲ. ಸೋತ ರಾತ್ರಿ ಟಿವಿ ಚರ್ಚೆಗೆ ಬಂದವರ ಬಾಯಲ್ಲಿ ‘ಐನೂರು ರೂಪಾಯಿಗೆ ವೋಟು ಮಾರ್ಕೊಂಡ್ರು’ ಅಂತ ಬಂದೇ ಬರುತ್ತದೆ. ಅಭ್ಯರ್ಥಿಗಳು ಸಲಹೆ ಕೇಳಿದರೆ ನಾನು ಹೇಳುವುದಿಷ್ಟೇ. ಎದುರಾಳಿ ಅಯೋಗ್ಯ ಅಂತ ಸಾಬೀತು ಮಾಡಲು ದುಡ್ಡು ಸುರಿಯಬೇಡಿ. ಅದು ಜನಕ್ಕೆ ಗೊತ್ತಿದೆ. ಗೊತ್ತಿದ್ದೇ ಹೋಗುತ್ತಿದ್ದಾರೆ.

ಹೀಗೆ ಬುಡಮೇಲು ಮಾಡುತ್ತೇನೆ ಅಂತ ಬರುವವನು ಕೊಡುವುದು ಮುಖ್ಯವಾಗಿ ನಾಲಿಗೆಯನ್ನು. ನಾವು ಕೌಂಟರಿನಲ್ಲಿ ನಿಂತು ಬೈಯಲಾಗದವರನ್ನು ಅವನು ವೇದಿಕೆ ಮೇಲೆ ಬೈಯುತ್ತಾನೆ. ಅರ್ಜೆಂಟೀನಾದಲ್ಲಿ ಹಾವಿಯರ್ ಮಿಲೇ ಮರ ಕೊಯ್ಯುವ ಗರಗಸದ ಯಂತ್ರ ಹಿಡಿದು ಪ್ರಚಾರಕ್ಕೆ ಬಂದರು. ಸರ್ಕಾರದ ಖರ್ಚನ್ನು ಹೀಗೆ ಕತ್ತರಿಸುತ್ತೇನೆ ಅಂದರು. 2023ರ ನವೆಂಬರಿನಲ್ಲಿ ನೂರಕ್ಕೆ ಸುಮಾರು 56 ವೋಟು ಪಡೆದು ಅಧ್ಯಕ್ಷ ಚುನಾವಣೆ ಗೆದ್ದರು. ಆಗ ಅಲ್ಲಿ ಹಣದುಬ್ಬರ ವರ್ಷಕ್ಕೆ ಶೇಕಡ 140 ದಾಟಿತ್ತು. ಒಂದು ವರ್ಷದಲ್ಲಿ ನೂರು ರೂಪಾಯಿಯ ಅಕ್ಕಿ ಇನ್ನೂರ ನಲವತ್ತಾದರೆ ನಮಗೂ ಗರಗಸ ಹಿಡಿದವನು ಹುಚ್ಚನ ಹಾಗೆ ಕಾಣಲಿಕ್ಕಿಲ್ಲ.

ಸಿಟ್ಟಿಗೆ ಒಂದು ಮುಖ ಬೇಕು. ‘ಇವರಲ್ಲಿ ಯಾರೂ ಬೇಡ’ ಅನ್ನುವ ನೋಟಾ ಸೋಲುವುದು ಅಲ್ಲೇ. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಆ ಬಟನ್ ಬಂತು. 2024ರಲ್ಲಿ ಇಂದೋರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ವಾಪಸ್ ತೆಗೆದುಕೊಂಡಾಗ 2 ಲಕ್ಷಕ್ಕೂ ಜಾಸ್ತಿ ಜನ ನೋಟಾ ಒತ್ತಿದರು. ಫಲಿತಾಂಶ ಒಂದಿಷ್ಟೂ ಬದಲಾಗಲಿಲ್ಲ. ನೋಟಾಕ್ಕೆ ಎಷ್ಟೇ ವೋಟು ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆದ್ದ ಹಾಗೆ. ಬಾಗಿಲು ತಟ್ಟಿ ಓಡಿಹೋದ ಹಾಗಾಯಿತು, ಅಲ್ವಾ?

ನಾವು ಸಮೀಕ್ಷೆಯವರು ಈ ಸಿಟ್ಟನ್ನು ಯಾಕೆ ತಪ್ಪಾಗಿ ಓದುತ್ತೇವೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ತಪ್ಪು ಪ್ರಶ್ನೆಗಳ ಕ್ರಮದ್ದು. ಮೊದಲು ಗುಂಡಿ, ಕಸ, ನೀರು ಅಂತ ಕೇಳಿ ಆಮೇಲೆ ವೋಟು ಕೇಳಿದರೆ ಆಳುವವರಿಗೆ ಬೀಳುವ ವೋಟು ಇಳಿಯುತ್ತದೆ. ವೋಟು ಮೊದಲು ಕೇಳಿದರೆ ಅಷ್ಟು ಇಳಿಯಲ್ಲ. ಸಿಟ್ಟು ಎರಡೂ ಫಾರಂನಲ್ಲಿ ಒಂದೇ, ನಾವು ಕೆದಕಿದೆವೋ ಇಲ್ಲವೋ ಅಷ್ಟೇ ವ್ಯತ್ಯಾಸ. ಅದಕ್ಕೇ ನಾನು ವೋಟಿನ ಪ್ರಶ್ನೆಯನ್ನು ಮೇಲೆ ಇಡುತ್ತೇನೆ. ಕೆಲವು ಗಿರಾಕಿಗಳಿಗೆ ಇದು ಇಷ್ಟವಾಗಲ್ಲ.

ಇನ್ನೊಂದು ತಪ್ಪು, ಯಾರು ಬಾಗಿಲು ತೆರೆಯುತ್ತಾರೆ ಅನ್ನುವುದು. ವೈಟ್‌ಫೀಲ್ಡ್, ಬೆಳ್ಳಂದೂರಿನ ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯೂರಿಟಿ ನಮ್ಮನ್ನು ಗೇಟು ದಾಟಿಸಲ್ಲ. ಹಳೇ ಬಡಾವಣೆಗಳಲ್ಲಿ ಸಿಗುವವರು ಮನೆಯಲ್ಲೇ ಇರುವ ಹಿರಿಯರು. ಎರಡು ಪಾಳಿ ದುಡಿಯುವ ಡೆಲಿವರಿ ಹುಡುಗ ಭಾನುವಾರವೂ ಸಿಗಲ್ಲ. ಅವರ ಪಾಲನ್ನು ಆಮೇಲೆ ಲೆಕ್ಕದಲ್ಲಿ ಸರಿದೂಗಿಸಬೇಕು. ಅಮೆರಿಕದಲ್ಲಿ 2016ರಲ್ಲಿ ಎಡವಿದ್ದು ಇಂಥ ಕಡೆಯೇ. ಕಾಲೇಜು ಓದಿದವರು ಸಮೀಕ್ಷೆಗೆ ಜಾಸ್ತಿ ಉತ್ತರ ಕೊಟ್ಟರು, ಓದದವರು ಕಮ್ಮಿ. ಎಷ್ಟೋ ರಾಜ್ಯಗಳ ಸಮೀಕ್ಷೆಗಳು ಆ ವ್ಯತ್ಯಾಸವನ್ನು ಸರಿಮಾಡಲೇ ಇಲ್ಲ. ಜೊತೆಗೆ ಕೊನೆ ವಾರದಲ್ಲಿ ಮನಸ್ಸು ಮಾಡಿದವರು ಆ ಮೂರು ರಾಜ್ಯಗಳಲ್ಲಿ ಟ್ರಂಪ್ ಕಡೆ ವಾಲಿದರು. ಅಲ್ಲಿನ ಸಮೀಕ್ಷೆಗಾರರ ಸಂಘವೇ 2017ರಲ್ಲಿ ಕೂತು ಪರಿಶೀಲಿಸಿ ಇದನ್ನೆಲ್ಲ ಒಪ್ಪಿಕೊಂಡಿತು. ಅಷ್ಟು ನೇರವಾಗಿ ನಮ್ಮ ಕಸುಬಿನವರು ಇಲ್ಲಿ ಒಪ್ಪಿಕೊಂಡಿದ್ದನ್ನು ನಾನಂತೂ ನೋಡಿಲ್ಲ.

ಹಾಗಾದರೆ ವ್ಯವಸ್ಥೆಗೇ ಬೈದು ಬರುವ ಇಂಥವರು ಬೆಂಗಳೂರಿನಲ್ಲಿ ಯಾಕೆ ಗೆಲ್ಲುತ್ತಿಲ್ಲ? ಪ್ರಯತ್ನ ಆಗಿಲ್ಲ ಅಂತಲ್ಲ. ನಟ ಉಪೇಂದ್ರ 2017ರಿಂದ ರಾಜಕೀಯ ಬೇಡ, ಪ್ರಜಾಕೀಯ ಬೇಕು ಅನ್ನುತ್ತಿದ್ದಾರೆ. ಅವರ ಪಕ್ಷ 2019ರಲ್ಲೂ 2023ರಲ್ಲೂ ಒಂದು ಸೀಟೂ ಗೆಲ್ಲಲಿಲ್ಲ. ಪ್ರಕಾಶ್ ರಾಜ್ 2019ರಲ್ಲಿ ಬೆಂಗಳೂರು ಸೆಂಟ್ರಲ್‌ನಲ್ಲಿ ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಂಡರು. ಠೇವಣಿ ಉಳಿಯಬೇಕಾದರೆ ಚಲಾಯಿಸಿದ ಸಿಂಧು ಮತದಲ್ಲಿ ಆರನೇ ಒಂದು ಪಾಲಿಗಿಂತ ಜಾಸ್ತಿ ಬರಬೇಕು.

ನನಗೆ ಅನಿಸುವ ಒಂದು ಕಾರಣ ಕರ್ನಾಟಕದ ಹಳೇ ಅಭ್ಯಾಸ. 1984ರ ಡಿಸೆಂಬರಿನಲ್ಲಿ ಇಲ್ಲಿನ 28 ಲೋಕಸಭಾ ಸೀಟುಗಳಲ್ಲಿ 24 ಕಾಂಗ್ರೆಸ್‌ಗೆ ಹೋದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸೀಟು ಕೊಟ್ಟರು. ಆಮೇಲೆ ಇಂದಿನವರೆಗೆ ಆಳುತ್ತಿದ್ದ ಯಾವ ಪಕ್ಷವೂ ಸ್ವಂತ ಬಹುಮತದಿಂದ ವಿಧಾನಸೌಧಕ್ಕೆ ಮರಳಿಲ್ಲ. ಪ್ರತಿ ಐದು ವರ್ಷಕ್ಕೆ ದೋಸೆ ಮಗುಚಿ ಹಾಕುವ ಕೈಗೆ ಕಾವಲಿಯನ್ನೇ ಬಿಸಾಡುವವನು ಅಷ್ಟು ಬೇಗ ಬೇಕಾಗುವುದಿಲ್ಲ.

ಬೆಂಗಳೂರಿನದ್ದೇ ಆದ ಇನ್ನೊಂದು ಕಾರಣ ಇದೆ, ಅದು ಖುಷಿಯ ಕಾರಣವಲ್ಲ. ಇಲ್ಲಿ ಸಿಟ್ಟು ಬಂದವರು ಮನೆಯಲ್ಲೇ ಉಳಿಯುತ್ತಾರೆ. 2024ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇಕಡ 70 ದಾಟಿದರೆ ಬೆಂಗಳೂರಿನ ಉತ್ತರ, ದಕ್ಷಿಣ, ಸೆಂಟ್ರಲ್ ಮೂರೂ 53, 54ರ ಆಸುಪಾಸಿನಲ್ಲೇ ನಿಂತವು. ಇದನ್ನು ಸೋಮಾರಿತನ ಅಂತ ಬೈಯುವುದು ಸುಲಭ. ಮತದಾರರ ಪಟ್ಟಿಯಲ್ಲಿ ಊರು ಬಿಟ್ಟವರ ಹೆಸರೂ ಉಳಿದಿರುತ್ತದೆ, ಒಬ್ಬರದೇ ಎರಡು ಕಡೆಯೂ ಇರುತ್ತದೆ, ಅದನ್ನೂ ಲೆಕ್ಕ ಹಿಡಿಯಬೇಕು. ಆದರೆ ನಾನು ಮಾತಾಡಿಸಿದ ಎಷ್ಟೋ ಜನರ ಮಾತು ಬೇರೆ. ಅವರ ಜಗಳ ಇರುವುದು ಮೋರಿಯ ಜೊತೆ, ಕಸದ ಗಾಡಿಯ ಜೊತೆ, ಆಸ್ತಿ ಖಾತೆಯ ಜೊತೆ. ಈ ಜಗಳಕ್ಕೆ ಇದ್ದ ವಿಳಾಸ ಕಾರ್ಪೊರೇಟರ್ ಮನೆ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. 2020ರ ಸೆಪ್ಟೆಂಬರಿನಲ್ಲಿ ಆ 198 ಮಂದಿಯ ಅವಧಿ ಮುಗಿಯಿತು. ಮುಂದಿನ ಐದು ವರ್ಷ ನಗರವನ್ನು ಅಧಿಕಾರಿಗಳೇ ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು.

ಹಳೇ ಕಾರ್ಪೊರೇಟರುಗಳೆಲ್ಲ ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಆದರೆ ಬೆಳಿಗ್ಗೆ ಏಳಕ್ಕೆ ಅವರ ಗೇಟಿನ ಮುಂದೆ ನಿಂತು ‘ಏನಣ್ಣಾ, ವಾರದಿಂದ ನೀರಿಲ್ಲ’ ಅಂತ ಕೂಗಾಡಬಹುದಿತ್ತು. ಆ ಕೂಗಾಟದಲ್ಲಿ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಆ ಗೇಟು ಇಲ್ಲದಿದ್ದರೆ ಮೋರಿಯ ಸಿಟ್ಟು ವಿಧಾನಸಭೆಗೆ ಹೋಗುತ್ತದೆ, ಲೋಕಸಭೆಗೆ ಹೋಗುತ್ತದೆ. ಅಲ್ಲೂ ಬಗೆಹರಿಯದೆ ಹುಳಿಯಾಗುತ್ತದೆ. ಎಲ್ಲರಿಗೂ ಬೈಯುವ ಟಿವಿಯವನು ಕಾಯುತ್ತಿರುವುದು ಈ ಹುಳಿ ಬಂದ ಹೊತ್ತಿಗೇ. ಇವತ್ತು ವೋಟು ಹಾಕದೆ ಮನೆಯಲ್ಲಿ ಕೂತಿರುವ, ನೂರಕ್ಕೆ ಸುಮಾರು 46 ಮಂದಿಯಲ್ಲಿ ಹತ್ತು ಮಂದಿ ಎದ್ದು ಬಂದರೂ ಬೆಂಗಳೂರಿನ ಎಷ್ಟೋ ಕ್ಷೇತ್ರಗಳ ಲೆಕ್ಕ ಉಲ್ಟಾ ಆಗುತ್ತದೆ.

ಹೋದ ತಿಂಗಳು ಹೊಸ ಹುಡುಗರಿಗೆ ತರಬೇತಿ ಕೊಟ್ಟೆ. ಒಬ್ಬ ಹುಡುಗಿ ಕೇಳಿದಳು, ‘ಮೇಡಂ, ಯಾರಾದ್ರೂ ಸರಿ, ಇವರು ಬೇಡ ಅಂದ್ರೆ 98 ಹಾಕೋದಾ, 99 ಹಾಕೋದಾ?’ ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಈ ಸಲದ ಫಾರಂನಲ್ಲಿ 97 ಅಂತ ಒಂದು ಕೋಡ್ ಸೇರಿಸಿದ್ದೇನೆ. ಅದರ ಕೆಳಗೆ ಒಂದು ಪ್ರಶ್ನೆ, ನಿಮ್ಮ ಕಷ್ಟ ಕೇಳಲು ಕೊನೆಯ ಸಲ ನಿಮ್ಮ ಮನೆಗೆ ಬಂದಿದ್ದು ಯಾರು, ಯಾವಾಗ? ಉತ್ತರ ಬರೆಯಲು ಎರಡು ಗೆರೆ ಬಿಟ್ಟಿದ್ದೆ. ಮೊದಲ ಕಂತಿನ ಫಾರಂಗಳು ಬಂದ ಮೇಲೆ ಅದನ್ನು ನಾಲ್ಕು ಗೆರೆ ಮಾಡಬೇಕಾಯಿತು.