ಟೋಕನ್ ಟೈಮ್‌ಔಟ್ ಏರಿಸಿದರೂ ನೋಡ್ ರೀಬೂಟ್ ಆಗ್ತಾನೇ ಇದೆ, ಯಾಕೆ?

ಪ್ರಶ್ನೆ: ನಮ್ಮದು ಪೇಸ್‌ಮೇಕರ್ (ಯಾವ ಸೇವೆ ಎಲ್ಲಿ ಓಡಬೇಕೆಂದು ನೋಡಿಕೊಳ್ಳುವ ಸಾಫ್ಟ್‌ವೇರ್), ಕೋರೋಸಿಂಕ್ (ನೋಡ್‌ಗಳ ನಡುವೆ ಸಂಪರ್ಕ ಇಡುವ ಸಾಫ್ಟ್‌ವೇರ್) ಇರುವ ಎರಡು ನೋಡ್‌ಗಳ, ಅಂದರೆ ಎರಡು ಸರ್ವರ್‌ಗಳ ಕ್ಲಸ್ಟರ್. ಡೇಟಾಬೇಸನ್ನು ಒಂದು ನೋಡ್‌ನಿಂದ ಇನ್ನೊಂದಕ್ಕೆ ಸಾಗಿಸಲು ಹೋದರೆ ಮೊದಲನೆಯದು ಪಟ್ ಅಂತ ರೀಬೂಟ್ ಆಗುತ್ತದೆ. ಟೋಕನ್ ಟೈಮ್‌ಔಟನ್ನು 10 ಸೆಕೆಂಡಿಗೆ ಏರಿಸಿದೆವು. ಏನೂ ಬದಲಾಗಲಿಲ್ಲ. ಇನ್ನೂ ಏರಿಸಬೇಕಾ?

ಉತ್ತರ: ಬೇಡ. ಏರಿಸಿದ್ದನ್ನು ಮೊದಲು ಇಳಿಸಿ. ತೊಂದರೆ ಇರುವುದು ಬೇರೆ ಟೈಮ್‌ಔಟ್‌ನಲ್ಲಿ.

ಕೋರೋಸಿಂಕ್‌ನ ಟೋಕನ್ (ನೋಡ್‌ಗಳ ನಡುವೆ ಸುತ್ತುವ ಸಂದೇಶ) ಕೇಳುವುದು ‘ಆ ನೋಡ್ ಬದುಕಿದೆಯಾ?’ ಅಂತ. ಪೇಸ್‌ಮೇಕರ್‌ನ ಆಪರೇಷನ್ ಟೈಮ್‌ಔಟ್ ಕೇಳುವುದು ‘ಹೇಳಿದ ಕೆಲಸ ಮುಗೀತಾ?’ ಅಂತ. ಕೆಲಸ ಅಂದರೆ ಸ್ಟಾರ್ಟ್, ಸ್ಟಾಪ್, ಮಾನಿಟರ್. ಒಂದನ್ನು ಏರಿಸಿದರೆ ಇನ್ನೊಂದು ಏರುವುದಿಲ್ಲ. ಆದರೆ ಎರಡೂ ಕೊನೆಗೆ ಫೆನ್ಸಿಂಗ್‌ಗೆ, ಅಂದರೆ ನೋಡನ್ನು ಬಲವಂತವಾಗಿ ಆಫ್ ಅಥವಾ ರೀಬೂಟ್ ಮಾಡುವುದಕ್ಕೆ ಹೋಗಿ ನಿಲ್ಲಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಬರೀ ರೀಬೂಟ್, ಅಲ್ವಾ? ಗೊಂದಲ ಶುರುವಾಗುವುದೇ ಅಲ್ಲಿ.

ನಾನೂ ಹೀಗೆಯೇ ಒಂದಿಡೀ ರಾತ್ರಿ ಸುಮ್ನೆ ಸ್ವಿಚ್, ಕೇಬಲ್ ಅಂತ ಅನುಮಾನ ಪಡುತ್ತಾ ಕೂತಿದ್ದೆ. ಸುಳಿವು ಕ್ಲಸ್ಟರ್ ಸ್ಟೇಟಸ್‌ನಲ್ಲೇ ಇತ್ತು. ಫೇಲ್ ಆದ ಕೆಲಸಗಳ ಪಟ್ಟಿಯಲ್ಲಿ ಡೇಟಾಬೇಸ್‌ನ ಸ್ಟಾಪ್, ಪಕ್ಕದಲ್ಲಿ ‘ಟೈಮ್ಡ್ ಔಟ್’, ಸಾಲಿನ ಕೊನೆಗೆ ಕೆಲಸ ಓಡಿದ ಹೊತ್ತು: 20003 ಮಿಲಿಸೆಕೆಂಡ್. ಆ 20 ಸೆಕೆಂಡನ್ನು ನಾವ್ಯಾರೂ ಬರೆದಿರಲಿಲ್ಲ. ಏನೂ ಬರೆಯದಿದ್ದರೆ ಪೇಸ್‌ಮೇಕರ್ ಹಿಡಿಯುವ ಡೀಫಾಲ್ಟ್ ಅದು. ರಿಸೋರ್ಸ್ ಏಜೆಂಟ್‌ನ (ರಿಸೋರ್ಸನ್ನು, ಇಲ್ಲಿ ಡೇಟಾಬೇಸನ್ನು, ಶುರು ಮಾಡುವ, ನಿಲ್ಲಿಸುವ ಸ್ಕ್ರಿಪ್ಟ್) ಮೆಟಾಡೇಟಾದಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆ ಇರಬಹುದು, ಆದರೆ ಅದು ಬರೀ ಸಲಹೆ. ಪೇಸ್‌ಮೇಕರ್ ತಾನಾಗಿ ಅದನ್ನು ಪಾಲಿಸುವುದಿಲ್ಲ.

ಸ್ಟಾಪ್ ಫೇಲ್ ಆದರೆ ಇಡೀ ನೋಡನ್ನೇ ಯಾಕೆ ಕೆಡವಬೇಕು? ಮಾನಿಟರ್ ಫೇಲ್ ಆದರೆ ಕ್ಲಸ್ಟರ್ ಆ ರಿಸೋರ್ಸನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ, ಅಷ್ಟೇ. ಸ್ಟಾಪ್ ಮುಗಿಯದಿದ್ದರೆ ಡೇಟಾಬೇಸ್ ಇನ್ನೂ ಡಿಸ್ಕ್ ಮೇಲೆ ಬರೆಯುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆಗ ಇನ್ನೊಂದು ಕಡೆ ಶುರು ಮಾಡಿ, ಎರಡೂ ಒಟ್ಟಿಗೆ ಬರೆದರೆ ಡೇಟಾ ಕೆಟ್ಟಿತು ಅಂತಲೇ ಲೆಕ್ಕ. ಹಾಗಾಗಿ ಕ್ಲಸ್ಟರ್ ನೋಡ್‌ನ ಕತ್ತು ಹಿಡಿಯುತ್ತದೆ, ಅಂದರೆ ಫೆನ್ಸ್ ಮಾಡುತ್ತದೆ. ‘ಹಾಗಾದ್ರೆ ಫೆನ್ಸಿಂಗ್ ಆಫ್ ಮಾಡೋಣ’ ಅನ್ನುವವರಿದ್ದಾರೆ. ಮಾಡಿದರೆ ಆ ರಿಸೋರ್ಸ್ ಬ್ಲಾಕ್ ಆಗಿ ಅಲ್ಲೇ ಕೂರುತ್ತದೆ. ರೀಬೂಟೂ ಇಲ್ಲ, ಫೇಲ್‌ಓವರೂ (ಇನ್ನೊಂದು ನೋಡ್‌ಗೆ ಹೋಗುವುದೂ) ಇಲ್ಲ.

ಸರಿ, ಸ್ಟಾಪ್‌ಗೆ ಎಷ್ಟು ಕೊಡಬೇಕು? ಅಳೆದೇ ನೋಡಿ. ಕ್ಲಸ್ಟರನ್ನು ಮೇಂಟೆನೆನ್ಸ್ ಮೋಡ್‌ಗೆ ಹಾಕಿ. ಇದನ್ನು ಮರೆತರೆ ನೀವು ನಿಲ್ಲಿಸಿದ್ದನ್ನು ಅದು ಮತ್ತೆ ಎಬ್ಬಿಸುತ್ತದೆ. ಆಮೇಲೆ ಡೇಟಾಬೇಸನ್ನು ಕೈಯಾರೆ ನಿಲ್ಲಿಸಿ, ಎಷ್ಟು ಹೊತ್ತು ಹಿಡಿಯಿತು ಬರೆದುಕೊಳ್ಳಿ. ಖಾಲಿ ಟೆಸ್ಟ್ ಸರ್ವರ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೆಮೊರಿಯಲ್ಲಿ ಉಳಿದದ್ದನ್ನೆಲ್ಲ ಡಿಸ್ಕಿಗೆ ಬರೆದ ಮೇಲೆಯೇ ಡೇಟಾಬೇಸ್ ನಿಲ್ಲುವುದು, ಹಾಗಾಗಿ ಕೆಲಸ ಜೋರಾಗಿರುವಾಗ ಅಳೆಯಬೇಕು. 70 ಸೆಕೆಂಡ್ ಬಂತು ಅಂದುಕೊಳ್ಳಿ, ನಾನಾದರೆ 150 ಇಡುತ್ತೇನೆ. ಇದು ಗರಿಷ್ಠ ಮಿತಿ ಮಾತ್ರ. 5 ಸೆಕೆಂಡಲ್ಲಿ ನಿಂತರೆ ಕ್ಲಸ್ಟರ್ 5 ಸೆಕೆಂಡಿಗೇ ಮುಂದೆ ಹೋಗುತ್ತದೆ. ನಿಜವಾಗಿ ಸಿಕ್ಕಿಹಾಕಿಕೊಂಡಾಗ ಮಾತ್ರ ಪೂರ್ತಿ ಕಾಯಬೇಕಾಗುತ್ತದೆ.

ಟೋಕನ್ ಹಾಗಲ್ಲ. ನೋಡ್ ನಿಜವಾಗಿ ಸತ್ತಾಗಲೆಲ್ಲ ಆ ಹೊತ್ತನ್ನು ಕಾದೇ ತೀರಬೇಕು. ಅದರ ಮೇಲೆ ಕನ್ಸೆನ್ಸಸ್ (ಉಳಿದ ನೋಡ್‌ಗಳು ಒಮ್ಮತಕ್ಕೆ ಬರಲು ಕಾಯುವ ಹೊತ್ತು) ಬೇರೆ, ಡೀಫಾಲ್ಟ್ ಆಗಿ ಟೋಕನ್‌ನ 1.2 ಪಟ್ಟು. ನಿಮ್ಮ 10 ಸೆಕೆಂಡಿಗೆ 12 ಸೇರಿ, ಫೆನ್ಸಿಂಗ್ ಶುರುವಾಗುವ ಮೊದಲೇ 22 ಸೆಕೆಂಡ್ ಹೋಗಬಹುದು.

ಟೋಕನ್ ಏರಿಸಬೇಕಾದ ಸಂದರ್ಭವೂ ಉಂಟು. ಕೋರೋಸಿಂಕ್ ಲಾಗ್‌ನಲ್ಲಿ ‘ಮುಖ್ಯ ಪ್ರೋಸೆಸ್‌ಗೆ ಇಷ್ಟು ಮಿಲಿಸೆಕೆಂಡ್ ಸಿಪಿಯು ಸಿಗಲಿಲ್ಲ’ ಎಂಬರ್ಥದ ಸಾಲು ಬಂದಿದೆಯಾ ನೋಡಿ. ಟೋಕನ್‌ನ ಶೇಕಡಾ 80 ದಾಟಿದರೆ ಅದು ಹೀಗೆ ದೂರು ಕೊಡುತ್ತದೆ. ಟೋಕನ್ 3000 ಇದ್ದರೆ 2400ಕ್ಕೇ. ಆಗ ತಪ್ಪು ನೆಟ್‌ವರ್ಕಿನದಲ್ಲ, ಮೆಷಿನ್ನೇ ತೂಕಡಿಸಿದೆ. ವರ್ಚುವಲ್ ಮೆಷಿನ್ ಆದರೆ ಆ ಸಾಲು ಬಂದ ಹೊತ್ತನ್ನು ಸ್ನ್ಯಾಪ್‌ಶಾಟ್, ಲೈವ್ ಮೈಗ್ರೇಷನ್ (ಓಡುತ್ತಿರುವಾಗಲೇ ಬೇರೆ ಹೋಸ್ಟ್‌ಗೆ ಸಾಗಿಸುವುದು) ನಡೆದ ಸಮಯದ ಜೊತೆ ಹೋಲಿಸಿ ನೋಡಿ.

ಏರಿಸುವಾಗಲೂ ಕಾನ್ಫಿಗ್ ಫೈಲನ್ನಷ್ಟೇ ನಂಬಬೇಡಿ. ಒಂದು ನೋಡ್‌ನಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆಯುವುದು ದಿನನಿತ್ಯದ ಕಥೆ. ಓಡುತ್ತಿರುವ ಕೋರೋಸಿಂಕ್‌ನ ರನ್‌ಟೈಮ್ ಟೋಕನ್ ಸಂಖ್ಯೆಯನ್ನೇ ಕೇಳಿ. ಟೋಕನ್‌ನ ಡೀಫಾಲ್ಟ್ ಮೊದಲು 1000 ಮಿಲಿಸೆಕೆಂಡ್ ಇತ್ತು, ಕೋರೋಸಿಂಕ್ 3.1ರಿಂದ 3000. ಮೂರನೇ ನೋಡ್‌ನಿಂದ ಶುರುವಾಗಿ ತಲಾ 650 ತಾನಾಗಿ ಸೇರುತ್ತದೆ, ಫೈಲಿಗೂ ಅಲ್ಲಿಗೂ ಸಂಖ್ಯೆ ಹೊಂದದಿದ್ದರೆ ಗಾಬರಿ ಬೇಡ.

ನಿಮ್ಮ ವಿಷಯಕ್ಕೆ ಬಂದರೆ, ಸ್ಟಾಪ್ ಟೈಮ್‌ಔಟ್ ತಿದ್ದಿ, ಫೇಲ್ ಆದ ದಾಖಲೆ ಅಳಿಸಿ, ಡೇಟಾಬೇಸನ್ನು ಆ ಕಡೆ ಸಾಗಿಸಿ. ಆಮೇಲೆ ಸ್ಟಾಪ್ ಎಷ್ಟು ಮಿಲಿಸೆಕೆಂಡ್ ಓಡಿತು ಎಂದು ನೋಡಿ. 20000 ದಾಟಿಯೂ ನೋಡ್ ಎದ್ದು ನಿಂತಿದ್ದರೆ ತೊಂದರೆ ಇದ್ದದ್ದು ಅಲ್ಲೇ.